ಕೂಸಿಗೆ ಹುಳದ ಮನೆ ನೇಮ

ಸುಣ್ಣಕ್ಕೆ ನೀರು ಬಿದ್ದಾಗ ಏಳುವ ವಾಸನೆ ಇದೆಯಲ್ಲ, ಮೂಗಿನೊಳಗೆ ಒಂದಿಷ್ಟು ಚುರುಕ್ಕೆನ್ನಿಸಿ ಆಮೇಲೆ ತಣ್ಣಗೆ ಇಳಿಯುವಂಥದು, ಅದು ಎಲ್ಲಿ ಬಂದರೂ ನಾನು ಒಂದು ಗಳಿಗೆ ನಿಂತುಬಿಡುತ್ತೇನೆ. ಮೊನ್ನೆ ಕೊಳ್ಳೇಗಾಲದ ಒಂದು ಬೀದಿಯಲ್ಲಿ ಯಾರೋ ಗೋಡೆಗೆ ಸುಣ್ಣ ಹೊಡೆಸುತ್ತಿದ್ದರು. ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ನಡುಬೀದಿಯಲ್ಲಿ ನಿಂತವಳನ್ನು ಒಬ್ಬ ಆಟೋದವನು ಬೈದುಕೊಂಡೇ ದಾಟಿಹೋದ. ಬೈಯಲಿ ಬಿಡಿ. ಅವನಿಗೇನು ಗೊತ್ತು, ಆ ಹೊತ್ತಿಗೆ ನಾನು ಮುಳ್ಳೂರಿನ ನಮ್ಮ ಹಿತ್ತಲಲ್ಲಿದ್ದೆ. ಅಲ್ಲಿ ಮನೆಗೆ ಅಂಟಿಕೊಂಡಂತೆ ಹುಳದ ಮನೆ ಇತ್ತು. ಹುಳ ಅಂದರೆ ರೇಷ್ಮೆ ಹುಳ. ನಮ್ಮ ಕಡೆ ಬೇರೆ ಹುಳಗಳಿಗೆಲ್ಲ ಹೆಸರು ಹೇಳಬೇಕು, ಇದಕ್ಕೆ ಬೇಡ. ಆ ಹುಳದ ಮನೆಗೆ ನಮ್ಮಜ್ಜಿ ಸಿದ್ದಮ್ಮನೇ ಒಡತಿ, ಅವಳೇ ಪೊಲೀಸು. ಹೊಸ್ತಿಲಲ್ಲಿ ಗೋಣಿಚೀಲ ಹಾಸಿ, ಮೇಲೆ ಸುಣ್ಣದ ಪುಡಿ ಚೆಲ್ಲಿರುತ್ತಿದ್ದಳು. ಅದನ್ನು ತುಳಿದೇ ಒಳಗೆ ಹೋಗಬೇಕು. ಕೈ ತೊಳೆಯದೆ ಸೊಪ್ಪು ಮುಟ್ಟುವಂತಿಲ್ಲ. ಹೊರಗಿನವರು ಎಷ್ಟು ದೊಡ್ಡವರಾದರೂ ಬಾಗಿಲಾಚೆಯೇ ನಿಲ್ಲಬೇಕು, ಯಾಕೆಂದರೆ ಬೇರೆ ಹುಳದ ಮನೆಯ ರೋಗ ಕಾಲಿಗೆ ಅಂಟಿಕೊಂಡು ಬಂದರೆ ಇಡೀ ಬೆಳೆಯೇ ಮಣ್ಣುಪಾಲು. ಊರಿನಲ್ಲಿ ಇದಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನಮ್ಮನ್ನೂ ಅವರು ಹಾಗೇ ನಿಲ್ಲಿಸುತ್ತಿದ್ದರು.

ಹುಳಕ್ಕೆ ಇಷ್ಟೆಲ್ಲ ಮಾಡುತ್ತಿದ್ದ ಅದೇ ಜನ ಕೂಸು ಹುಟ್ಟಿದರೆ ಮಾತ್ರ ಬಾಗಿಲು ಹಾರುಹೊಡೆದು ತೆಗೆಯುತ್ತಿದ್ದರು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಸಾಂಬ್ರಾಣಿ ಹೊಗೆ ತುಂಬಿ, ಬಂದ ನೆಂಟರಿಗೆಲ್ಲ ಕೂಸನ್ನು ಮಡಿಲಿಂದ ಮಡಿಲಿಗೆ ದಾಟಿಸುವುದೇ ಪದ್ಧತಿ. ನಮ್ಮಪ್ಪನ ತಂಗಿ ರಾಜತ್ತೆ ಯಳಂದೂರಿಗೆ ಮದುವೆಯಾಗಿದ್ದವಳು, ಮೊದಲ ಹೆರಿಗೆಗೆ ಒಂದು ಮಾಗಿಯಲ್ಲಿ ನಮ್ಮ ಮನೆಗೆ ಬಂದಿದ್ದಳು. ಗಂಡುಕೂಸು. ಅದಕ್ಕೆ ಮುತ್ತಿಡದ ನೆಂಟರಿಲ್ಲ, ಅದನ್ನು ಎತ್ತಿಕೊಳ್ಳದ ನೆರೆಯವರಿಲ್ಲ. ಮೂಗು ಸೊರಗುಟ್ಟಿಸಿಕೊಂಡೇ ಬಂದರು, ಕೆಮ್ಮುತ್ತಲೇ ಲಾಲಿ ಹಾಡಿದರು. ಆ ನೆಗಡಿ ಕೂಸಿನ ಎದೆಗೆ ಇಳಿಯಿತು. ಉಸಿರಾಡುವಾಗ ಅದರ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆಸ್ಪತ್ರೆಗೆ ಒಯ್ದರು, ತಡವಾಗಿತ್ತು. ಮನೆಗೆ ಬಂದ ಮೇಲೆ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಒಂದೇ ಮಾತು ಹೇಳಿದಳು: “ಮುದ್ದು ಮಾಡಿ ಮಾಡೇ ಕಳ್ಕಂಡೊ.”

ರಾಜತ್ತೆ ಮತ್ತೆ ಬಸುರಿಯಾಗಿ ನಮ್ಮ ಮನೆಗೆ ಬಂದಾಗ ಪುನಃ ಅದೇ ಮಾಗಿ ಬಂದುಬಿಟ್ಟಿತು. ಈ ಸಲ ಹೆಣ್ಣುಕೂಸು, ತಿಂಗಳು ತುಂಬುವ ಮುಂಚೆಯೇ ಹುಟ್ಟಿತು. ಕೊಳ್ಳೇಗಾಲದ ಆಸ್ಪತ್ರೆಯಿಂದ ಕಳಿಸುವಾಗ ನರ್ಸಮ್ಮ ಅಜ್ಜಿಯನ್ನು ಪಕ್ಕಕ್ಕೆ ಕರೆದು ನಿಧಾನವಾಗಿ ಹೇಳಿದರಂತೆ: ಕೂಸು ಸಣ್ಣದು, ನೆಗಡಿ ಎದೆಗೆ ಇಳಿದರೆ ತಡೆಯುವುದಿಲ್ಲ. ಕೆಮ್ಮು ನೆಗಡಿ ಇದ್ದವರು ಹತ್ತಿರ ಸುಳಿಯಬಾರದು, ಮುಟ್ಟುವವರು ಸೋಪು ಹಾಕಿ ಕೈ ತೊಳೆಯಬೇಕು, ಹೊಗೆ ಹಾಕಬಾರದು, ಕಿಟಕಿ ತೆಗೆದು ಗಾಳಿ ಬಿಡಬೇಕು, ತಾಯಿಯ ಹಾಲು ಬಿಟ್ಟು ಇನ್ನೇನೂ ಕೊಡಬಾರದು. ಅಜ್ಜಿ ಒಂದೊಂದಕ್ಕೂ ಬೆರಳು ಮಡಿಸುತ್ತಾ ಕೇಳಿದಳಂತೆ. ಆಮೇಲೆ, “ಇದು ನಮ್ಮ ಹುಳದ್ ಮನೆ ನೇಮ ಕಣ್ರಿ ನರ್ಸಮ್ಮ. ಹುಳಕ ಮಾಡ್ತಿದ್ದೊ, ಕೂಸ್ಗ ಮಾಡ್ನಿಲ್ವಲ್ಲ ನಾವು” ಅಂದಳಂತೆ. ನರ್ಸಮ್ಮ ಅವಳ ಕೈ ಹಿಡಿದುಕೊಂಡು, “ಈಗ ಮಾಡಿ, ಸಾಕು” ಅಂದರು. ಇದನ್ನೆಲ್ಲ ನಮಗೆ ಹೇಳಿದವಳು ಜೊತೆಗೆ ಹೋಗಿದ್ದ ನಮ್ಮವ್ವ.

ಅವತ್ತೇ ನಮ್ಮ ಮನೆಯ ಹೊಸ್ತಿಲಿಗೆ ಗೋಣಿಚೀಲ ಬಿತ್ತು, ಅದರ ಮೇಲೆ ಸುಣ್ಣ ಬಿತ್ತು, ಬಾಗಿಲಿಗೆ ಬೇವಿನ ಸೊಪ್ಪು ಏರಿತು. ಆ ಚಳಿಯಲ್ಲಿ ಹುಳ ಎಬ್ಬಿಸಿರಲಿಲ್ಲ, ಹುಳದ ಮನೆ ಖಾಲಿಯಿತ್ತು. ಸುಣ್ಣವೇನೂ ನೆಗಡಿಯನ್ನು ತಡೆಯುವುದಿಲ್ಲ ಅಂತ ನೀವು ಹೇಳಬಹುದು. ನಿಜ. ಆದರೆ ಸುಣ್ಣ ತುಳಿದ ನಮ್ಮೂರಿನ ಯಾವ ಕಾಲೂ ಕೈ ತೊಳೆಯದೆ ಮುಂದಕ್ಕೆ ಹೋಗುವುದಿಲ್ಲ, ಅದು ಹುಟ್ಟಿನಿಂದ ಬಂದದ್ದು. ಒಳಕೋಣೆಗೆ ರಾಜತ್ತೆ ಮತ್ತು ನಮ್ಮವ್ವ ಇಬ್ಬರನ್ನು ಬಿಟ್ಟು ನೊಣಕ್ಕೂ ಅಪ್ಪಣೆಯಿರಲಿಲ್ಲ. ಶಾಲೆಯಿಂದ ಬಂದ ನನ್ನನ್ನು ಅಜ್ಜಿ ಹಿತ್ತಲಿಂದಲೇ ಕರೆದು, ಬಟ್ಟೆ ಬಿಚ್ಚಿಸಿ, ಹಂಡೆಯ ಬಿಸಿನೀರು ಹುಯ್ದು ಆಮೇಲೆ ಊಟಕ್ಕೆ ಕೂರಿಸುತ್ತಿದ್ದಳು. ಒಬ್ಬೊಬ್ಬರ ಲೋಟಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿದ್ದಳು. ಅದಲು ಬದಲಾದರೆ ಗೋತ್ರ ಬದಲಾದಷ್ಟು ರಂಪ. ನಮ್ಮ ತಾತನಿಗೆ ನಶ್ಯದ ಚಟ. ನಶ್ಯದ ಸೀನು ಯಾವುದು, ನೆಗಡಿಯ ಸೀನು ಯಾವುದು ಅಂತ ತನಗೆ ಗೊತ್ತಾಗುವುದಿಲ್ಲ ಅಂತ ಹೇಳಿ ಅಜ್ಜಿ ಅವನನ್ನು ಗದ್ದೆಗೆ ಅಟ್ಟಿದಳು. “ಈ ವಯಸ್ನಲ್ಲಿ ಸೀನಕೂ ಗಡಿ ದಾಟ್ಬೇಕಾಯ್ತಲ್ಲಪ್ಪ” ಎಂದು ತಾತ ಗೊಣಗುತ್ತಾ ಹೋಗುತ್ತಿದ್ದ. ಹೋದವನು ಬರಿಗೈಲಿ ಬರುತ್ತಿರಲಿಲ್ಲ, ಬದುವಿನ ಬಿಲದಿಂದ ಏಡಿ ಹಿಡಿದು ತರುತ್ತಿದ್ದ. ಅದನ್ನು ಒರಳಿಗೆ ಹಾಕಿ ಕುಟ್ಟಿ, ರಸ ಹಿಂಡಿ, ಮೆಣಸು ಬೆಳ್ಳುಳ್ಳಿ ಅರೆದು ಹಾಕಿ ಅಜ್ಜಿ ಕುದಿಸಿದ ಸಾರು ಬಾಯಿಗಿಟ್ಟರೆ ನೆತ್ತಿ ಬೆವರುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕಟ್ಟಿದ ಮೂಗು ಬಿಟ್ಟುಕೊಳ್ಳುತ್ತಿತ್ತು.

ಆ ಮಾಗಿಯಲ್ಲಿ ಊರಿಗೆ ಊರೇ ಮಲಗಿತು. ಶಾಲೆಯಲ್ಲಿ ಅರ್ಧ ಬೆಂಚು ಖಾಲಿ. ನನಗೂ ಮೈ ಕಾಯ್ದು, ಮೂಗು ಸುರಿಯತೊಡಗಿತು. ಅಜ್ಜಿ ನನ್ನ ಚಾಪೆ ಸುತ್ತಿ ಹುಳದ ಮನೆಗೆ ಎಸೆದಳು. “ರೋಗದ್ ಹುಳ ಆಗಿದ್ರ ಆರ್ಸಿ ಮಣ್ಗ ಹಾಕ್ತಿದ್ದೆ. ನೀ ನನ್ನ ಮೊಮ್ಮಗ, ಬ್ಯಾರೆ ತಟ್ಟೇಲಿ ಮಡಗ್ತೀನಿ, ಬಾ.” ನಮ್ಮ ಕಡೆ ಮುದ್ದು ಹೆಚ್ಚಾದರೆ ಹೆಣ್ಣುಮಗುವೂ ಮೊಮ್ಮಗನೇ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದ ಆ ದೊಡ್ಡ ಕೋಣೆಯಲ್ಲಿ ನಾನೊಬ್ಬಳೇ ಮಲಗಿ, ಬಿಸಿಲು ಬಿದಿರಿನ ಸಂದಿಯಿಂದ ಇಣುಕುವುದನ್ನು ನೋಡುತ್ತಾ, ಅಜ್ಜಿ ತರುವ ಸಾರಿಗೆ ಕಾಯುತ್ತಿದ್ದೆ. ಎರಡು ಹೊತ್ತೂ ಅವಳೇ ತಂದು, ಹಣೆ ಮುಟ್ಟಿ ನೋಡಿ, ಹೊದಿಕೆ ಬಿಸಿಲಿಗೆ ಹರವಿ ಹೋಗುತ್ತಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಯಳಂದೂರಿನಿಂದ ಬೀಗರು ಬಂದರು. ರಾಜತ್ತೆಯ ಅತ್ತೆ ನಂಜಮ್ಮ, ಜೊತೆಗೆ ರಾಜತ್ತೆಯ ಗಂಡ. ಬುಟ್ಟಿಯಲ್ಲಿ ಕೊಬ್ಬರಿ, ಬೆಲ್ಲ, ನಂಜಮ್ಮನೇ ಹೊಲಿದ ಒಂದು ಕುಲಾವಿ. ಬಸ್ಸಿಳಿದಲ್ಲಿಂದ ನಮ್ಮ ಬಾಗಿಲವರೆಗೂ ನಂಜಮ್ಮ ಕೆಮ್ಮಿಕೊಂಡೇ ಬಂದಿದ್ದಳು. ನಾನು ಹುಳದ ಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅಜ್ಜಿ ಕಾಲಿಗೆ ನೀರು ಕೊಟ್ಟಳು, ಜಗಲಿಯ ಮೇಲೆ ಚಾಪೆ ಹಾಸಿದಳು, ಆಮೇಲೆ ಬಾಗಿಲಿಗೆ ಅಡ್ಡ ನಿಂತಳು.

“ಒಳಿಕ ಬರಬ್ಯಾಡಿ ಬೀಗ್ತಮ್ಮ. ಇಲ್ಲೇ ಕೂತ್ಕಳಿ.”

ಬೀಗರನ್ನು ಹೊಸ್ತಿಲಲ್ಲಿ ನಿಲ್ಲಿಸುವುದೆಂದರೆ ಹುಡುಗಾಟವಲ್ಲ. ಅಂಥ ಒಂದು ಮಾತಿಗೆ ಹೆಣ್ಣುಮಕ್ಕಳು ತವರಲ್ಲೇ ಉಳಿದುಹೋದದ್ದುಂಟು. ನಂಜಮ್ಮನ ಮುಖ ಕೆಂಪಾಯಿತು. “ನನ್ನ ಮಗನ್ ಕೂಸ ನೋಡಕ ನಿಮ್ಮ ಅಪ್ಪಣೆ ಬೇಕಾ? ನಾನೇನ್ ದಾರೀಲಿ ಓಗೋಳಾ?” ಅಂದಳು. ಬೀದಿಯ ಜನ ನಿಂತು ನೋಡತೊಡಗಿದರು. ಒಳಗೆ ರಾಜತ್ತೆ ಅಳುವುದು ಕೇಳಿಸಿತು. ಅಜ್ಜಿಯ ಕಾಲು ಮಾತ್ರ ಕದಲಲಿಲ್ಲ.

“ನಿಮ್ಮಟ್ಟೀಲೂ ಹುಳ ಸಾಕ್ತೀರಿ. ಇನ್ನೊಂದ್ ಮನೇಲಿ ರೋಗ ಬಿದ್ದದ ಅಂತ ಗೊತ್ತಿದ್ದೂ ಅಲ್ಲಿಂದ ಬಂದೋರ ನಿಮ್ಮ ಹುಳದ್ ಮನೆಗ ಬುಟ್ಕತೀರಾ? ನೀವೇ ಹೇಳಿ. ಬುಟ್ಕತೀನಿ ಅನ್ನಿ, ನಾ ಈಗ್ಲೇ ಪಕ್ಕಕ ಸರೀತೀನಿ.”

ನಂಜಮ್ಮ ಕಾಲಡಿಯ ಸುಣ್ಣ ನೋಡಿದಳು. ಮತ್ತೆ ಕೆಮ್ಮು ಒತ್ತರಿಸಿಕೊಂಡು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತಾನಾಗಿಯೇ ಹಿಂದಕ್ಕೆ ಹೆಜ್ಜೆಯಿಟ್ಟಳು. “ಇಲ್ಲ ಕಣವ್ವ, ಬುಟ್ಕಳದಿಲ್ಲ” ಅಂದಳು, ತುಂಬಾ ಮೆಲ್ಲಗೆ. ಮಗ ಸಿಟ್ಟಿನಿಂದ, “ನಡಿಯವ್ವ, ಓಗವ” ಎಂದು ಬುಟ್ಟಿ ಎತ್ತಿಕೊಂಡರೆ, “ನೀ ಓಗ್ಲಾ. ಒಂದ್ ಕೂಸ ಮಣ್ಗ ಹಾಕಿ ಬಂದಿವಿ. ಇದ್ನ ಎತ್ಕಳ್ದೆ ನಾ ಬರೋಳಲ್ಲ” ಅಂದವಳೇ ಸೀದಾ ನನ್ನ ಹುಳದ ಮನೆಗೆ ಬಂದು, ನನ್ನ ಚಾಪೆಯಿಂದ ದೂರಕ್ಕೆ ತನ್ನ ಚಾಪೆ ಹಾಸಿಕೊಂಡಳು. ನನಗೋ ಖುಷಿ, ಮಾತಿಗೊಬ್ಬರು ಸಿಕ್ಕರು. ಮಾರನೆಯ ದಿನ ನಮ್ಮವ್ವ ಆ ಕುಲಾವಿಯನ್ನು ಬಿಸಿನೀರಿನಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, ಕೂಸಿಗೆ ತೊಡಿಸಿ, ಒಳಕಿಟಕಿಯಿಂದ ಎತ್ತಿ ತೋರಿಸಿದಳು. ಅಂಗಳದ ಈಚೆಯಿಂದ ನಂಜಮ್ಮ ಎರಡೂ ಕೈಯಲ್ಲಿ ನೆಟಿಗೆ ಮುರಿದು ಅತ್ತಳು, ನಕ್ಕಳು.

ಕೆಮ್ಮು ಇಳಿಯುತ್ತಾ ಬಂದಂತೆ ನಂಜಮ್ಮ ಜಗಲಿಯ ಮೆಟ್ಟಿಲ ಬಳಿ ಬಂದು ಕೂತಳು. ಅಲ್ಲಿಂದ ಶುರುವಾಯಿತು ನೋಡಿ. ಅಜ್ಜಿಯಾದರೂ ವಾಸಿ, ಕೂಸು ನೋಡಲು ಬಂದವರನ್ನು ಎರಡು ಮಾತಾಡಿ ಕಳಿಸುತ್ತಿದ್ದಳು. ನಂಜಮ್ಮನದು ದೂರದಿಂದಲೇ ಗುಡುಗು: “ಅಲ್ಲೇ ನಿಂತ್ಕಳಿ! ಏನ್ ತಂದಿದ್ರಿ, ಮಡಗಿ ಓಗಿ!” ಕೌದಳ್ಳಿಯಿಂದ ಬಂದ ಅಜ್ಜಿಯ ಸ್ವಂತ ತಮ್ಮ ಬಾಳೆಗೊನೆಯನ್ನು ಅಂಗಳದಲ್ಲಿಟ್ಟು, “ನಮ್ಮಕ್ಕನ್ ಮನೆ ಯಾವಾಗ ಯಳಂದೂರೋರ್ ಪಾಲಾಯ್ತು?” ಎಂದು ನಗುತ್ತಾ ವಾಪಸು ಹೋದ. ಊರಲ್ಲಿ ಆಡಿಕೊಂಡರು, ಸೊಕ್ಕು ಅಂದರು. ಆದರೆ ನಮ್ಮ ಬೀದಿಯ ಇನ್ನೊಂದು ಬಾಣಂತಿ ಮನೆಯ ಹೊಸ್ತಿಲಿಗೂ ಗೋಣಿಚೀಲ ಬಿದ್ದಾಗ ಆಡಿಕೊಂಡ ಬಾಯಿಗಳು ತಾವಾಗಿ ಮುಚ್ಚಿದವು. ಊರೆಲ್ಲ ಕೆಮ್ಮಿ ಮುಗಿಸಿತು. ನಮ್ಮ ಕೂಸು ಒಂದು ಸಲವೂ ಸೀನಲಿಲ್ಲ. ಚಳಿ ಮುರಿದು ಬೇವು ಚಿಗುರುವ ಹೊತ್ತಿಗೆ ಅದರ ಕೆನ್ನೆ ತುಂಬಿತು, ತೊಡೆಯಲ್ಲಿ ಮಡಿಕೆ ಬಿದ್ದವು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ತೂಕಕ್ಕೆ ಇಟ್ಟಾಗ ಅದು ಅತ್ತ ರಭಸಕ್ಕೆ, “ಎದೆ ಗಟ್ಟಿಯಾಗಿದೆ, ಇನ್ನು ಹೆದರಬೇಡಿ” ಎಂದು ನರ್ಸಮ್ಮನೇ ನಕ್ಕರಂತೆ.

ಅಜ್ಜಿ ಆವತ್ತು ಹೊಸ್ತಿಲ ಗೋಣಿಚೀಲ ಸುತ್ತಿಟ್ಟಳು. ನಂಜಮ್ಮ ತಲೆಗೆ ನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು, ಬಲಗಾಲಿಟ್ಟು ಒಳಗೆ ಬಂದಳು. ರಾಜತ್ತೆ ಕೂಸನ್ನು ತಂದು ಅವಳ ಕೈಗೆ ಕೊಡಹೋದಳು. ನಂಜಮ್ಮ ಕೈ ಚಾಚಿದವಳು ಯಾಕೋ ನಿಂತು, ಬಾಗಿಲ ಹತ್ತಿರವೇ ಕೂತಿದ್ದ ಅಜ್ಜಿಯ ಕಡೆ ತಿರುಗಿ ಕೇಳಿದಳು: “ನೀವ್ ಎತ್ಕಂಡಿದ್ರಾ ಬೀಗ್ತಮ್ಮ?”

ಅಜ್ಜಿ ಇಲ್ಲವೆಂದು ತಲೆ ಆಡಿಸಿದಳು. “ಎಂಗ್ ಎತ್ಕಳ್ಲಿ? ಬಂದೋರ ನೋಡೋಳು ನಾನು, ಮಲಗ್ದೋರ ಹಣೆ ಮುಟ್ಟೋಳು ನಾನು.”

ಆಗಲೇ ನಮಗೆಲ್ಲ ಹೊಳೆದದ್ದು. ಇಡೀ ಮಾಗಿ ಕೂಸನ್ನು ಕಾದವಳು ಒಂದು ದಿನವೂ ಅದನ್ನು ಮುಟ್ಟಿರಲಿಲ್ಲ. ನನ್ನ ಹಣೆ ಮುಟ್ಟಿದ ಕೈ ಅಂತ ಆ ಕೈಯನ್ನು ದೂರವೇ ಇಟ್ಟುಕೊಂಡಿದ್ದಳು. ನಂಜಮ್ಮ ಕೂಸನ್ನು ಇಸಿದುಕೊಂಡು ತನ್ನ ಎದೆಗೆ ಒತ್ತಿಕೊಳ್ಳಲಿಲ್ಲ, ನೇರ ಒಯ್ದು ಅಜ್ಜಿಯ ಮಡಿಲಿಗೆ ಹಾಕಿದಳು. “ಮೊದ್ಲು ನೀವು” ಅಂದಳು. ನಮ್ಮಜ್ಜಿ ಅಷ್ಟು ಜೋರಾಗಿ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಅಷ್ಟು ಚೆಂದವಾಗಿ ನಕ್ಕದ್ದನ್ನೂ.

ಆ ಇಬ್ಬರೂ ಈಗಿಲ್ಲ. ಮನೆ ಪಾಲಾಯಿತು, ಹುಳದ ಮನೆ ಇದ್ದ ಜಾಗದಲ್ಲಿ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ, ನಮ್ಮಲ್ಲಿ ಹುಳ ಸಾಕುವವರೂ ಉಳಿದಿಲ್ಲ. ಆ ಕೂಸು ಮಾತ್ರ ನನಗಿಂತ ಒಂದು ಗೇಣು ಎತ್ತರ ಬೆಳೆಯಿತು, ನಾಟಿ ಗದ್ದೆಯಲ್ಲಿ ಅವಳು ನಕ್ಕರೆ ಮುಂದಿನ ಬದುವಿಗೆ ಕೇಳುತ್ತದೆ. ಅಜ್ಜಿ ಕೊನೆಗಾಲದಲ್ಲಿ ಎದ್ದು ಕೂರಲಾರದಾದಾಗ, ಯಳಂದೂರಿನಿಂದ ಬಂದು ನಿಂತು, ದಿನಾ ಬೆಳಗ್ಗೆ ಅವಳನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೊತ್ತಿಕೊಂಡು ಬಿಸಿಲಿಗೆ ತಂದು ಕೂರಿಸುತ್ತಿದ್ದವಳು ಅವಳೇ.