ಲೋಕೇಶನ ಸೀಟು

ಇವತ್ತು ಬೆಳಿಗ್ಗೆ ರೊಟ್ಟಿ ತಿನ್ನಲು ಕೂತಾಗ ಹೆಂಡತಿ ನನ್ನ ಅಂಗಿಯ ತೋಳು ಹಿಡಿದು, "ಮತ್ತೆ ಶುರುವಾಯ್ತಾ ಈ ನೀಲಿ?" ಅಂದಳು. ದರ್ಜಿಗಳು ಬಟ್ಟೆಯ ಮೇಲೆ ಗೆರೆ ಎಳೆಯುವ ಚಾಕ್‌ಪೀಸಿನ ಪುಡಿ ಅದು. ಎಷ್ಟು ಒಗೆದರೂ ಹೋಗುವುದಿಲ್ಲ. "ಶುರುವಾಯ್ತು" ಅಂದೆ. ಬೇರೆ ದಿನವಾಗಿದ್ದರೆ ಸೋಪಿನ ಮೇಲೆ ಒಂದು ಭಾಷಣವಾಗುತ್ತಿತ್ತು. ಇವತ್ತು ಅವಳು ನಕ್ಕು ಇನ್ನೊಂದು ರೊಟ್ಟಿ ಹಾಕಿದಳು. ಲೋಕೇಶನ ಕೆಲಸವೆಂದರೆ ನಮ್ಮ ಮನೆಯಲ್ಲಿ ಇಂಥ ರಿಯಾಯಿತಿಗಳುಂಟು.

ನೀವು ಕುಶಾಲನಗರದ ಕಡೆ ಬಂದವರಾದರೆ ನನ್ನ ಅಂಗಡಿಯ ಮುಂದೆಯೇ ಹಾದುಹೋಗಿರುತ್ತೀರಿ. ಜೀಪು, ಸ್ಕೂಟರು, ಟ್ರ್ಯಾಕ್ಟರುಗಳ ಸೀಟು ಹೊಲಿಯುವವನು ನಾನು. ಅಪ್ಪ ಅರಕಲಗೂಡಿನಿಂದ ಬೇಸಾಯಕ್ಕೆಂದು ಇಲ್ಲಿಗೆ ಬಂದರು. ನನಗೆ ಮಣ್ಣು ಒಗ್ಗದೆ ರೆಕ್ಸಿನ್ ಒಗ್ಗಿತು. ಅರ್ಧ ಕೊಡಗು ನನ್ನ ಸೀಟಿನ ಮೇಲೆ ಕೂತಿದೆ ಅಂತ ನಾನು ಹೇಳಿಕೊಳ್ಳುವುದುಂಟು. ಹೆಂಡತಿ ಅದನ್ನು ನಾಲ್ಕು ಜೀಪಿಗೆ ಇಳಿಸುತ್ತಾಳೆ. ನನ್ನದೊಂದು ಕಟ್ಟುನಿಟ್ಟಿತ್ತು. ಯಾವ ಸೀಟನ್ನೇ ಆಗಲಿ ಮೊದಲು ನಾನು ಕೂತು ನೋಡಬೇಕು. ನನಗೆ ಹಿತವಾಯಿತೆಂದರೆ ಲೋಕಕ್ಕೆಲ್ಲ ಹಿತ ಅಂತಲೇ ನನ್ನ ತೀರ್ಮಾನ.

ಲೋಕೇಶ ಮಾದಾಪುರದ ಹತ್ತಿರದ ಒಂದು ಎಸ್ಟೇಟಿನವನು. ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಅದಕ್ಕೆ ಹಬ್ಬಿದ ಮೆಣಸು ಕುಯ್ಯುವುದರಲ್ಲಿ ಅವನ ಸಮ ಇರಲಿಲ್ಲ. ಒಂದು ವರ್ಷ ಏಣಿ ಜಾರಿತು, ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗದ ಸ್ಥಿತಿ. ಎಸ್ಟೇಟಿನವರು ಆಫೀಸಿನಲ್ಲೇ ಲೆಕ್ಕ ಬರೆಯುವ ರೈಟರ್ ಕೆಲಸ ಕೊಟ್ಟರು. ದುಬಾರೆಯಲ್ಲಿ ಪ್ರವಾಸಿಗರಿಗೆ ರ‍್ಯಾಫ್ಟಿಂಗ್ ಮಾಡಿಸುತ್ತಿದ್ದ ಅವನ ಭಾವಮೈದ ಒಂದು ಭಾನುವಾರ, ಬೇಸರ ಕಳೆಯಲಿ ಅಂತ, ಅವನನ್ನು ಹಾರಂಗಿ ಹಿನ್ನೀರಿಗೆ ಎತ್ತಿಕೊಂಡು ಹೋಗಿ ಸಣ್ಣದೊಂದು ದೋಣಿಯಲ್ಲಿ ಕೂರಿಸಿದ. ಎರಡೂ ತುದಿಯಲ್ಲಿ ಅಲಗಿರುವ ಹುಟ್ಟು ಕೈಗೆ ಕೊಟ್ಟ. ಮರ ಹತ್ತಿ ಪಳಗಿದ ತೋಳು ಸುಮ್ಮನಿರುತ್ತದೆಯೇ? ಪ್ಯಾರಾ ಕೆನೋ ಅಂತ ಅಂಥವರಿಗೇ ದೋಣಿ ಸ್ಪರ್ಧೆ ಇದೆ, ಇನ್ನೂರು ಮೀಟರ್, ದೇಶದೇಶಗಳವರು ಬರುತ್ತಾರೆ ಅನ್ನುವುದೆಲ್ಲ ನನಗೆ ಗೊತ್ತಾದದ್ದು ಅವನು ಸೀಟು ಮಾಡಿಸಲು ಬಂದ ಮೇಲೆ.

"ಅಣ್ಣ, ದೋಣಿ ಒಳಗೆ ನಾನು ಅಲುಗಾಡಬಾರದು. ನನ್ನನ್ನ ಹಿಡ್ಕೊಂಡಿರಬೇಕು ಅದು" ಅಂದ.

ಅಷ್ಟೇನಾ ಅಂದುಕೊಂಡೆ. ಪ್ಲೈವುಡ್ಡು ಬಗ್ಗಿಸಿ, ಸ್ಪಂಜು ಕೂರಿಸಿ, ಕಪ್ಪು ರೆಕ್ಸಿನ್ ಹೊದಿಸಿದೆ. ಇಷ್ಟು ದೊಡ್ಡ ಕೆಲಸಕ್ಕೆ ಒಂದು ಶೋಭೆ ಬೇಡವೇ ಅಂತ ಅಂಚಿನ ಸುತ್ತ ಕೆಂಪು ಪೈಪಿಂಗ್ ಕೊಟ್ಟೆ. ಅಂಚಿಗೆ ದಪ್ಪ ದಾರ ಒಳಗಿಟ್ಟು ಹೊಲಿಯುವ ಆ ಉಬ್ಬುಪಟ್ಟಿಯೇ ನನ್ನ ಕೈಚಳಕದ ಸಹಿ ಅಂತ ನನಗೆ ಜಂಬ. ಪದ್ಧತಿಯಂತೆ ಕೂತು ನೋಡಿದೆ. ಬಹಳ ಹಿತವಾಗಿತ್ತು.

ಹದಿನೈದು ದಿನ ಅವನು ಅದರಲ್ಲಿ ಕೂತು ಹುಟ್ಟು ಹಾಕಿದ. ಹದಿನಾರನೆಯ ದಿನ ಅವನ ಹೆಂಡತಿ ಪವಿತ್ರ ಒಬ್ಬಳೇ ಅಂಗಡಿಗೆ ಬಂದಳು. ನನ್ನ ಕೆಂಪು ಪೈಪಿಂಗ್ ಅವನ ತೊಡೆಯ ಹಿಂಭಾಗವನ್ನು ದಿನವೂ ಉಜ್ಜಿ ಉಜ್ಜಿ ಹುಣ್ಣು ಮಾಡಿತ್ತು. ನಿಮಗೋ ನನಗೋ ಆಗಿದ್ದರೆ ಹತ್ತು ನಿಮಿಷಕ್ಕೆ ಎದ್ದು ಬೈಯುತ್ತಿದ್ದೆವು. ಅವನಿಗೆ ಗೊತ್ತೇ ಆಗಿಲ್ಲ. ಮೂರು ತಿಂಗಳು ಬೋರಲು ಮಲಗಬೇಕಾಯಿತು. ಆ ವರ್ಷದ ಆಯ್ಕೆ ಸ್ಪರ್ಧೆ ಹಾಗೇ ಕೈತಪ್ಪಿತು. "ಇನ್ನೊಂದು ಸಲ ಹುಣ್ಣಾದರೆ ದೋಣಿ ಮರೆತುಬಿಡಿ" ಅಂದರಂತೆ ಡಾಕ್ಟರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಗಾಯ ಮಾಯ್ದ ಮೇಲೆ ಗಾಲಿಕುರ್ಚಿ ಸೀದಾ ನನ್ನ ಅಂಗಡಿ ಮುಂದೆಯೇ ಬಂದು ನಿಂತಿತು.

"ಲೋಕಿ, ಬೇಡಪ್ಪ. ಮೈಸೂರಲ್ಲಿ ಒಳ್ಳೊಳ್ಳೆಯವರು ಅವ್ರೆ, ಅಲ್ಲೇ ಮಾಡಿಸ್ಕೊ" ಅಂದೆ.

"ಯಾಕಣ್ಣ? ಎಲ್ಲಿ ತಪ್ಪಾಗೈತೆ ಅಂತ ನಿಮಗೆ ಗೊತ್ತು. ಹೊಸಬರಾದ್ರೆ ಮೊದಲಿಂದ ತಪ್ಪು ಮಾಡ್ಬೇಕು" ಅಂದ.

ಟೇಪು ತೆಗೆದೆ.

ಆಗ ಹೊಳೆದದ್ದು ಈ ನೀಲಿ ಚಾಕ್‌ಪೀಸು. ಅವನ ಮೈ ಹೇಳುವುದಿಲ್ಲವೆಂದರೆ ಬಟ್ಟೆಯಾದರೂ ಹೇಳಲಿ ಅಂತ ಚಾಕ್‌ಪೀಸು ಕುಟ್ಟಿ ಪುಡಿಯನ್ನು ಸೀಟಿಗೆಲ್ಲ ಸವರಿದೆ. ಲೋಕೇಶ ಬಿಳಿ ಚಡ್ಡಿ ಹಾಕಿ ಕೂತು, ಅಂಗಡಿಯ ನಡುವೆ ಇಲ್ಲದ ನೀರಿಗೆ ಕಾಲು ಗಂಟೆ ಹುಟ್ಟು ಹಾಕುತ್ತಿದ್ದ. ಎಲ್ಲಿ ಒತ್ತುತ್ತದೋ ಅಲ್ಲಿ ಬಟ್ಟೆಗೆ ದಟ್ಟ ನೀಲಿ. ಪವಿತ್ರ ಮೊಬೈಲಿನ ಟಾರ್ಚ್ ಹಿಡಿದು ಚರ್ಮ ನೋಡಿ, "ಎಡಗಡೆ ಕೆಂಪಾಗೈತೆ ಅಣ್ಣ, ಸ್ಪಂಜು ಚೂರು ಕೆರೀರಿ" ಅನ್ನುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿ ನಿಂತು, "ಎಷ್ಟಗಲ?" ಅನ್ನುತ್ತಿದ್ದೆ. ಇದಕ್ಕೆಲ್ಲ ಶಟರ್ ಅರ್ಧ ಇಳಿಸಬೇಕಾಗುತ್ತಿತ್ತು. ಹೊರಗೆ ಗಿರಾಕಿಗಳು ಬಗ್ಗಿ ಬಗ್ಗಿ ನೋಡಿ ಏನೇನು ಊಹಿಸಿದರೋ, ಅವರನ್ನೇ ಕೇಳಬೇಕು. ಇಪ್ಪತ್ತಕ್ಕೂ ಹೆಚ್ಚು ಸಲ ಕೆರೆದು, ತುಂಬಿ, ಮತ್ತೆ ಕೆರೆದೆವು. ಪೈಪಿಂಗ್ ಮಾತೇ ಇಲ್ಲ. ನೋಡಲು ತೀರಾ ಬೋಳು ಸೀಟು.

ಆ ಸೀಟಿನಲ್ಲೇ ಅವನು ಆಯ್ಕೆಯಾದ, ಅದನ್ನೇ ದೋಣಿಗೆ ಬಿಗಿದು ಹೊರದೇಶದ ಚಾಂಪಿಯನ್‌ಶಿಪ್ಪಿನ ಫೈನಲ್‌ವರೆಗೂ ಹೋದ. ಜೊತೆಗೆ ಪವಿತ್ರಳೂ ಹೋಗಿದ್ದಳು. ಇಲ್ಲಿ ಮಧ್ಯಾಹ್ನ ನಾವು ಹತ್ತು ಹನ್ನೆರಡು ಜನ ನನ್ನ ಹೊಲಿಗೆ ಮಿಷನ್ನಿಗೆ ಮೊಬೈಲು ಒರಗಿಸಿ ಕೂತಿದ್ದೆವು. ಪಕ್ಕದ ಟೀ ಅಂಗಡಿಯ ಮೊಯ್ದು ಕಾಕ ಎಲ್ಲರಿಗೂ ಟೀ ತಂದಿದ್ದರು. ಒಂಬತ್ತು ದೋಣಿ, ತುದಿಯಿಂದ ಎರಡನೆಯದು ನಮ್ಮದು. ದೋಣಿಗಳ ಮೂತಿ ತಡೆದಿದ್ದ ಗೇಟು ಬಿದ್ದದ್ದೇ ಲೋಕೇಶ ಹಾರಿದ. ಅರ್ಧ ದೂರದವರೆಗೆ ಮೂರನೆಯವನು! ಎಲ್ಲರೂ ಅವನ ತೋಳು ನೋಡಿ ಕೂಗುತ್ತಿದ್ದರೆ ನಾನೊಬ್ಬ ಅವನ ಸೊಂಟದ ಕೆಳಗೆ ಹುಡುಕುತ್ತಿದ್ದೆ. ದೋಣಿಯ ಅಂಚು ಮರೆಮಾಡಿ ಸುಡುಗಾಡು ಏನೂ ಕಾಣುತ್ತಿರಲಿಲ್ಲ. ಕೊನೆಯಲ್ಲಿ ಇಬ್ಬರು, ಆಮೇಲೆ ಇನ್ನೊಬ್ಬ ಅವನನ್ನು ಹಿಂದೆ ಹಾಕಿದರು. ಆರನೆಯವನಾಗಿ ಗುರಿ ಮುಟ್ಟಿದ. ಒಂದು ನಿಮಿಷವೂ ಆಗಿರಲಿಲ್ಲ.

"ಇಷ್ಟೇ ಉಳ್ಳದಾ? ನನ್ನ ಟೀ ಇನ್ನೂ ಬಿಸಿ ಉಂಟಲ್ಲ!" ಅಂದರು ಕಾಕ.

ಎಲ್ಲರೂ ನಕ್ಕರು, ಪದಕವಿಲ್ಲ ಅಂತ ಸ್ವಲ್ಪ ಹೊತ್ತು ಪೇಚಾಡಿ ಎದ್ದು ಹೋದರು. ನಾನು ಮೊಬೈಲು ಹಿಡಿದು ಕೂತೇ ಇದ್ದೆ. ಗಂಟೆಯ ಮೇಲೆ ಪವಿತ್ರಳ ಫೋನ್ ಬಂತು. ಹಲೋ ಕೂಡ ಅನ್ನಲಿಲ್ಲ ಅವಳು. "ಅಣ್ಣ, ನೋಡ್ದೆ. ಎಲ್ಲೂ ಕೆಂಪಾಗಿಲ್ಲ. ಒಂದು ಚೂರೂ ಇಲ್ಲ" ಅಂದಳು. ನಾನು ಅತ್ತುಬಿಟ್ಟೆ. ನನ್ನ ಮಟ್ಟಿಗೆ ಚಿನ್ನದ ಪದಕ ಬಂದಾಗಿತ್ತು. ಸೀಟು ಬಚಾವಾಯಿತು, ಲೋಕಿ ಬಚಾವಾದ, ಇನ್ನು ಅದರ ತಂಟೆಗೆ ಯಾರೂ ಹೋಗಬಾರದು ಅಂತ ಅಂದೇ ನಿರ್ಧರಿಸಿದ್ದೆ.

ಮೊನ್ನೆ ಲೋಕೇಶ ಬಂದ. ಮೊಬೈಲಿನಲ್ಲಿ ಆ ರೇಸನ್ನು ಮತ್ತೆ ಹಾಕಿ, ಗೆದ್ದವನ ಹೆಗಲಿನ ಮೇಲೆ ಬೆರಳಿಟ್ಟ. "ನೋಡಿ ಅಣ್ಣ, ಇವನು ನನಗಿಂತ ಎತ್ತರದಲ್ಲಿ ಕೂತವ್ನೆ. ನೀರು ಜಾಸ್ತಿ ಸಿಕ್ತದೆ ಅವನ ಹುಟ್ಟಿಗೆ. ನಂದೂ ಎರಡು ಬೆರಳು ಎತ್ತರ ಮಾಡಿ."

ಎತ್ತರ ಮಾಡಿದರೆ ಭಾರ ಬೀಳುವ ಜಾಗವೆಲ್ಲ ಬದಲಾಗುತ್ತದೆ. ಇದುವರೆಗೆ ಕೆರೆದದ್ದೆಲ್ಲ ವ್ಯರ್ಥ, ಮೊದಲಿಂದ ಶುರು. "ಸುಮ್ನೆ ಯಾಕೋ ಲೋಕಿ? ಅಷ್ಟು ದೂರ ಹೋಗಿ ಬಂದೆ, ಒಂದು ಗಾಯ ಆಗಿಲ್ಲ. ಸಾಲದಾ?" ಅಂದೆ.

ಅವನು ನಗಲಿಲ್ಲ. "ಅಣ್ಣ, ಗಾಯ ಆಗ್ಬಾರ್ದು ಅಂತಿದ್ರೆ ನಾನು ಮನೇಲೇ ಇರ್ತಿದ್ದೆ. ನಾನು ಹೋಗೋದು ಗೆಲ್ಲಕ್ಕೆ."

ಇಷ್ಟು ದಿನ ನಾನು ಅವನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಕಾಪಾಡಿಕೊಳ್ಳುತ್ತಿದ್ದದ್ದು ನನ್ನನ್ನೇ. ನಾಚಿಕೆಯಾಯಿತು.

ನಿನ್ನೆ ಸಂಜೆ ಆ ಬೋಳು ಸೀಟನ್ನು ಬಿಚ್ಚಿದೆ. ಈಗ ಎರಡು ಬೆರಳು ದಪ್ಪದ ಗಟ್ಟಿ ಸ್ಪಂಜು ಕತ್ತರಿಸುತ್ತಾ ಕೂತಿದ್ದೇನೆ. ನೀಲಿ ಪುಡಿ ನಿನ್ನೆಯೇ ಕುಟ್ಟಿಟ್ಟಿದ್ದೇನೆ. ಹನ್ನೊಂದು ಗಂಟೆಗೆ ಲೋಕೇಶ, ಪವಿತ್ರ ಇಬ್ಬರೂ ಬರುತ್ತೇವೆ ಅಂದಿದ್ದಾರೆ.