ಬಾನೆಟ್ಟಿನ ಕೆಳಗಿನ ಬೊಟ್ಟುಗಳು

ನಮ್ಮ ಕಾರಿನ ಬಾನೆಟ್ ಎತ್ತಿದರೆ ಎಂಜಿನ್ನಿಗಿಂತ ಮೊದಲು ಕುಂಕುಮ ಕಣ್ಣಿಗೆ ಬೀಳುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಉಂಗುರದ ಬೆರಳಿನಿಂದ ಒತ್ತಿಟ್ಟ ಬೊಟ್ಟುಗಳು. ಧೂಳಿಗೆ ಕಂದಿ, ಕಾವಿಗೆ ಕಪ್ಪಿಟ್ಟು, ಆದರೂ ಅಳಿಸಿಹೋಗದೆ ನಿಂತಿವೆ. ಒಂದು ಬ್ಯಾಟರಿಯ ಮೇಲೆ, ಒಂದು ಆಯಿಲ್ ಅಳೆಯುವ ಕಡ್ಡಿಯ ಹಳದಿ ಹಿಡಿಯ ಮೇಲೆ, ಉಳಿದ ಮೂರು ಒಂದೊಂದು ಪ್ಲಾಸ್ಟಿಕ್ ಡಬ್ಬದ ಮುಚ್ಚಳದ ಮೇಲೆ. ಈ ವರ್ಷ ಸೇರಿಕೊಂಡ ಆರನೆಯದೊಂದಿದೆ, ಅದರ ಮಾತು ಆಮೇಲೆ. ಇಷ್ಟನ್ನು ಇವತ್ತು ಸರಾಗವಾಗಿ ಹೇಳುತ್ತಿದ್ದೇನಲ್ಲ, ಹೋದ ವರ್ಷ ನೀವು ಕೇಳಿದ್ದರೆ ಗಂಟಲು ಸರಿಮಾಡಿಕೊಂಡು ಬೇರೆ ವಿಷಯ ಎತ್ತುತ್ತಿದ್ದೆ.

ನಾನು ಹಿಂದೂಪುರದಲ್ಲಿ ಕನ್ನಡ ಮೇಷ್ಟ್ರು. ಮನೆಯಿಂದ ಹೊರಗೆ ಕಾಲಿಟ್ಟರೆ ತೆಲುಗು, ತರಗತಿಯೊಳಗೆ ಕಾಲಿಟ್ಟರೆ ಕನ್ನಡ, ಇವೆರಡರ ನಡುವೆ ಬದುಕಿದವನಿಗೆ ಹೆಸರುಗಳ ಮೇಲೆ ಒಂದು ಮೋಹ ತಾನಾಗಿಯೇ ಬೆಳೆಯುತ್ತದೆ. ತಾವರೆಯ ಪರ್ಯಾಯ ನಾಮಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲೆ; ಬೇಲಿಸಾಲಿನ ಗಿಡಕ್ಕೆ ಎರಡು ಭಾಷೆಯಲ್ಲೂ ಏನನ್ನುತ್ತಾರೆಂದು ಕೇಳಿ, ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಯಾರ ಮಗುವಿಗೆ ನಾಮಕರಣವಾದರೂ ಹೆಸರು ಹುಡುಕಲು ನನ್ನ ಹತ್ತಿರ ಬರುತ್ತಾರೆ. ಹೀಗಾಗಿ ಹೆಸರು ಗೊತ್ತಿಲ್ಲದ ವಸ್ತುವಿನ ಮುಂದೆ ನಿಲ್ಲುವುದೆಂದರೆ ನನಗೆ ಬಹಳ ಅವಮಾನ. ಅಂಥ ವಸ್ತುಗಳನ್ನೆಲ್ಲ ಒಂದೇ ಕಡೆ ತುಂಬಿಸಿ, ಮೇಲೊಂದು ತಗಡಿನ ಮುಚ್ಚಳ ಹಾಕಿ, ನಾಲ್ಕು ಚಕ್ರ ಕೊಟ್ಟು ನಮ್ಮ ಮನೆಯ ಮುಂದೆಯೇ ತಂದು ನಿಲ್ಲಿಸಿದ್ದನ್ನು ನಾನು ಹೇಗೆ ಸಹಿಸಲಿ ಹೇಳಿ.

ತಂದು ನಿಲ್ಲಿಸಿದವಳು ನನ್ನ ಹೆಂಡತಿ ಗಂಗರತ್ನ. ಅವಳ ತವರು ಕಲ್ಯಾಣದುರ್ಗ. ಅವರಪ್ಪ ಅಲ್ಲಿ ಲಾರಿ ರಿಪೇರಿಯ ಶೆಡ್ಡು ಇಟ್ಟುಕೊಂಡಿದ್ದವರು. ಇವಳು ಸ್ಲೇಟು ಹಿಡಿಯುವುದಕ್ಕೆ ಮುಂಚೆ ಸ್ಪ್ಯಾನರು ಹಿಡಿದವಳು. ಮಾವನವರು ತೀರಿಕೊಂಡ ಮೇಲೆ ಅವರ ಕೈಯಲ್ಲೇ ಕೆಲಸ ಕಲಿತ ಬಾಷಾ ಆ ಶೆಡ್ಡನ್ನು ನಡೆಸುತ್ತಿದ್ದಾನೆ. ಬಾಷಾ ಮತ್ತು ನನ್ನ ಹೆಂಡತಿ ಒಂದೇ ವಾರಿಗೆಯವರು, ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಅವನು ಅವಳನ್ನು 'ಗಂಗಾ' ಎಂದು ಕರೆಯುತ್ತಾನೆ.

ನನ್ನ ಕಷ್ಟ ಇರುವುದು ಇಲ್ಲೇ. ನಮ್ಮ ಮನೆತನದಲ್ಲಿ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ನಮ್ಮಪ್ಪ ಅಮ್ಮನನ್ನು ಕೆಮ್ಮಿ ಕರೆಯುತ್ತಿದ್ದರು; ನಾನು ಸ್ವಲ್ಪ ಮುಂದುವರಿದವನು, 'ಇವಳೇ' ಎನ್ನುತ್ತೇನೆ. ಲೋಕದ ಹೆಸರುಗಳನ್ನೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡವನು ಇಪ್ಪತ್ತಾರು ವರ್ಷ ಜೊತೆಗಿರುವವಳ ಹೆಸರನ್ನು ಮಾತ್ರ ರೇಷನ್ ಕಾರ್ಡಿನಲ್ಲಿ ಬರೆದದ್ದು ಬಿಟ್ಟರೆ ಬಾಯಲ್ಲಿ ಆಡಿರಲಿಲ್ಲ. ಆ ಹೆಸರನ್ನು ಮತ್ತೊಬ್ಬ, ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ, ಇಷ್ಟು ಸಲೀಸಾಗಿ ಕೂಗುವುದನ್ನು ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ಹೊಟ್ಟೆಕಿಚ್ಚು.

ಹಳೆಯ ಕಾರು ಕೊಂಡ ವಾರವೇ ಅದನ್ನು ಬಾಷಾನಿಗೆ ತೋರಿಸಬೇಕೆಂದು ಕಲ್ಯಾಣದುರ್ಗಕ್ಕೆ ಹೋದೆವು. ಬಾನೆಟ್ ಎತ್ತಿ ಇಬ್ಬರೂ ಒಳಗೆ ಬಗ್ಗಿದರು. ಹಿಂದೆ ನಿಂತ ನನಗೆ ಕಂಡದ್ದು ಎರಡು ಬೆನ್ನು, ಕೇಳಿದ್ದು ನಗು. ಅವಳು ಹಾಗೆ ನಗುವುದನ್ನು ನಮ್ಮ ಮನೆಯಲ್ಲಿ ನಾನು ಕೇಳಿರಲಿಲ್ಲ. ನನ್ನ ಪ್ರಾಸಬದ್ಧ ಹಾಸ್ಯಕ್ಕೆಲ್ಲ ಅವಳು ತುಟಿಯಂಚಿನಲ್ಲಿ ಒಂದಿಷ್ಟು ಕೊಟ್ಟು ಸುಮ್ಮನಾಗುತ್ತಾಳೆ. 'ಬೆಲ್ಟು' ಎಂದಳು, 'ಹೋಸು' ಎಂದ. ಅವರಪ್ಪ ಯಾವತ್ತೋ ಯಾವುದೋ ಲಾರಿಯನ್ನು ಬೈದದ್ದು ನೆನಪಾಯಿತಂತೆ, ಮತ್ತೆ ನಕ್ಕರು. ನಾನೂ ಕತ್ತು ಚಾಚಿ ನೋಡಿದೆ. ಕರಿಯ ಕೊಳವೆಗಳು, ಬಿಳಿಯ ಡಬ್ಬಗಳು, ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತವೆಂದು ತಿಳಿಯದ ತಂತಿಗಳು. ಒಂದಾದರೂ ನನ್ನ ಗುರುತು ಹಿಡಿಯಲಿಲ್ಲ. ಬಾಷಾ ನನ್ನತ್ತ ತಿರುಗಿ, "ಸಾರ್, ಇದ್ರಲ್ಲಿ ನೀರು ಮಾತ್ರ ಆಗಾಗ ನೋಡ್ಕಂತಾ ಇರ್ರಿ, ಸರೇನಾ?" ಎಂದು ಯಾವುದನ್ನೋ ಬೆರಳಿನಿಂದ ತಟ್ಟಿದ. ಯಾವುದನ್ನು ತಟ್ಟಿದನೆಂದು ಅವನ ಭುಜದ ಮರೆಯಲ್ಲಿ ನನಗೆ ಕಾಣಲಿಲ್ಲ. "ಗೊತ್ತು ಗೊತ್ತು" ಎಂದೆ.

ಈ 'ಗೊತ್ತು' ಎಂಬ ಮಾತಿನ ಬಗ್ಗೆ ನನ್ನಂಥವನು ಒಂದು ಪ್ರಬಂಧವನ್ನೇ ಬರೆಯಬಹುದು. ಮಕ್ಕಳು ಗೊತ್ತಿಲ್ಲ ಎಂದರೆ ಮೇಷ್ಟ್ರಿಗೆ ಖುಷಿ, ಕಲಿಸಬಹುದಲ್ಲ ಎಂದು. ಮೇಷ್ಟ್ರೇ ಗೊತ್ತಿಲ್ಲ ಎನ್ನಬೇಕಾದರೆ ಅದಕ್ಕೆ ಬೇಕಾದ ಎದೆಗಾರಿಕೆ ಬೇರೆ, ಅದೂ ಹೆಂಡತಿಯನ್ನು ನಗಿಸಬಲ್ಲವನ ಎದುರಿಗೆ. ಆಮೇಲೆ ತಿಂಗಳುಗಟ್ಟಲೆ ಅವಳು "ನೀರ್ ನೋಡ್ಕಂಡ್ರಾ?" ಎಂದು ಕೇಳುವಳು, ನಾನು ಬಾನೆಟ್ ಎತ್ತಿ, ಕೈಕಟ್ಟಿ ನಿಂತು, ಗಂಭೀರವಾಗಿ ತಲೆಯಾಡಿಸಿ, ಮತ್ತೆ ಮುಚ್ಚುವೆನು.

ಹೋದ ವರ್ಷದ ಆಯುಧಪೂಜೆಗೆ ಅವಳು ಕಾರು ತೊಳೆದು, ಬಾನೆಟ್ ತೆರೆದು, ಎಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ಬಂದಳು. ಇಡೀ ಎಂಜಿನ್ನಿಗೆ ಮುತ್ತೈದೆಯ ಅಲಂಕಾರ ಮಾಡುತ್ತಾಳೆಂದುಕೊಂಡರೆ ಐದೇ ಐದು ಬೊಟ್ಟು ಇಟ್ಟು ಕೈ ತೊಳೆದುಕೊಂಡಳು. ಅಷ್ಟು ದೊಡ್ಡ ಎಂಜಿನ್ನನ್ನು ಬಿಟ್ಟು ಡಬ್ಬದ ಮುಚ್ಚಳಗಳಿಗೇಕೆ ಪೂಜೆ ಎಂದು ಕೇಳಿದೆ. "ಸಾಕು ಬಿಡ್ರಿ, ದೇವ್ರಿಗೆ ಗೊತ್ತಾಯ್ತದೆ" ಎಂದಳು.

ಅದಾದ ಕೆಲವು ವಾರಕ್ಕೆ ಅವಳು ತವರಿಗೆ ಹೋದಳು. ವಾಪಸು ಬಸ್ಸಿನಲ್ಲಿ ಬತ್ತೀನಿ ಎಂದರೂ ಕೇಳದೆ, ಕಾರು ತಂದು ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದೆ. ಕಾರಣ ನಿಮಗೆ ಗೊತ್ತಾಗಿದೆ. ಆ ಶೆಡ್ಡಿನ ಮುಂದೆ ನಾನೊಬ್ಬನೇ ಕಾರು ಓಡಿಸಿಕೊಂಡು ಬಂದು, ಒಂದು ಕೈ ಕಿಟಕಿಯ ಮೇಲಿಟ್ಟು ನಿಲ್ಲಿಸಬೇಕು, ಬಾಷಾ ನೋಡಬೇಕು, ಅವಳೂ ನೋಡಬೇಕು.

ರೊದ್ದಂ ದಾಟಿ ಸ್ವಲ್ಪ ದೂರ ಹೋಗಿದ್ದೆ. ಮೀಟರಿನ ಒಂದು ಮುಳ್ಳು ಕೆಂಪು ಗೆರೆಗೆ ಏರಿ ನಿಂತಿತು. ಬಾನೆಟ್ಟಿನ ಸಂದಿನಿಂದ ಹೊಗೆಯಂತೆ ಹಬೆ ಎದ್ದಿತು. ಬೇವಿನ ಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಅದೇ ಅಪರಿಚಿತರ ಗುಂಪು, ಈಗ ಸಿಟ್ಟಿನಿಂದ ಬುಸುಗುಡುತ್ತಿದೆ. ನೀರು, ನೀರು ಎಂದಿದ್ದರಲ್ಲ, ಎಲ್ಲಿ ಹಬೆ ಬರುತ್ತಿದೆಯೋ ಅಲ್ಲಿಯೇ ನೀರು ಎಂದು ತರ್ಕ ಮಾಡಿದೆ. ಮುಂಭಾಗದಲ್ಲಿ ಒಂದು ಲೋಹದ ಮುಚ್ಚಳವಿತ್ತು. ಹೆಗಲ ಟವೆಲ್ಲನ್ನು ಕೈಗೆ ಸುತ್ತಿಕೊಂಡು ಅದನ್ನು ಹಿಡಿದೆ. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಇನ್ನೂ ಯಾಕೆ ಬಂದಿಲ್ಲವೆಂದು ಅವಳೇ ಮಾಡಿದ್ದಳು. ಬಂದುಬಿಟ್ಟೆ, ಸ್ವಲ್ಪ ಹಬೆ ಬರುತ್ತಿದೆ, ಮುಚ್ಚಳ ತೆಗೆದು ನೋಡುತ್ತೇನೆ ಎಂದೆ.

"ಕೈ ತೆಗೀರಿ!" ಎಂದು ಕಿರುಚಿದಳು. "ಬೊಟ್ಟಿಟ್ಟಿರೋದ್ನ ಮಾತ್ರ ಮುಟ್ಬೇಕು ಕಣ್ರೀ ನೀವು. ಬೊಟ್ಟಿಲ್ದೇ ಇರೋದ್ರ ತಂಟೆಗೇ ಹೋಗ್ಬ್ಯಾಡಿ. ಅದು ರೇಡಿಯೇಟರ್ ಮುಚ್ಳ, ಬಿಸೀಲಿ ತೆಗುದ್ರೆ ಕುದಿಯೋ ನೀರು ಮಕಕ್ಕೇ ಹಾರ್ತದೆ."

ಕೈ ತೆಗೆದೆ. ಮುಚ್ಚಳ ಅರ್ಧ ಸುತ್ತೂ ತಿರುಗಿರಲಿಲ್ಲ. ಪಕ್ಕದ ಬಿಳಿಯ ಡಬ್ಬದ ಮೇಲೆ, ನೀರಿಲ್ಲದೆ ಒಣಗಿದ ಆ ಡಬ್ಬದ ಮೇಲೆ, ಬೊಟ್ಟು ಕೆಂಪಗೆ ಕೂತಿತ್ತು. ಬೇವಿನ ಬುಡದಲ್ಲಿ ಕುಳಿತುಬಿಟ್ಟೆ. ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳು, "ಏನಪ್ಪಾ, ಗಾಡಿ ಕುಂತ್ಬುಡ್ತಾ?" ಎಂದು ಕೇಳಿ ಒಂದು ಬಿಂದಿಗೆ ನೀರು ತಂದಿಟ್ಟಳು. ಎಂಜಿನ್ನು ತಣ್ಣಗಾಗುವವರೆಗೆ ಕಾದು, ಫೋನಿನಲ್ಲಿ ಅವಳು ಹೇಳಿದಂತೆ ಬೊಟ್ಟಿನ ಡಬ್ಬಕ್ಕೆ ಗೆರೆಯವರೆಗೆ ನೀರು ತುಂಬಿದೆ. ದೇವರಿಗೆಂದುಕೊಂಡಿದ್ದ ಆ ಐದು ಬೊಟ್ಟುಗಳು ನನಗಾಗಿ ಇಟ್ಟವು ಎಂಬುದು ಆಗ ತಿಳಿದು, ಆ ಬಿಸಿಲಿನಲ್ಲಿ ಒಬ್ಬನೇ ಕುಳಿತು ಕಣ್ಣೊರೆಸಿಕೊಂಡೆ ಎಂದರೆ ನೀವು ನಗಬಾರದು.

ನಿಧಾನಕ್ಕೆ ಓಡಿಸಿಕೊಂಡು ಶೆಡ್ಡು ಸೇರಿದೆ. ಕಿಟಕಿಯ ಮೇಲೆ ಕೈಯಿಡಲು ನೆನಪಾಗಲಿಲ್ಲ. ಬಾಷಾ ಬಾನೆಟ್ ಎತ್ತಿದ. ರೇಡಿಯೇಟರ್ ಮುಚ್ಚಳಕ್ಕೆ ನನ್ನ ಟವೆಲ್ಲಿನ ಒಂದು ಹಸಿರು ಎಳೆ ಸಿಕ್ಕಿಕೊಂಡಿತ್ತು. ಅವನು ಅದನ್ನು ನೋಡಿದ, ನನ್ನ ಹೆಗಲನ್ನು ನೋಡಿದ, ಆಮೇಲೆ ನನ್ನ ಅಂಗೈಯನ್ನು ನೋಡಿದ. ಎರಡು ಬೆರಳಿನಲ್ಲಿ ಎಳೆಯನ್ನು ಬಿಡಿಸಿ ಜೇಬಿಗೆ ಹಾಕಿಕೊಂಡು, "ಏಮೀ ಕಾಲೇದು ಸಾರ್, ಏನೂ ಆಗಿಲ್ಲ, ಎಂಜಿನ್ ಚೆನ್ನಾಗೈತೆ. ನೀರ್ ತುಂಬ್ಸಿದ್ದು ಒಳ್ಳೇದಾಯ್ತು" ಎಂದ, ಅವಳಿಗೂ ಕೇಳುವಷ್ಟು ಗಟ್ಟಿಯಾಗಿ. ನನ್ನ ಮರ್ಯಾದೆ ಕಾಪಾಡುವ ಹಕ್ಕನ್ನು ಇವನಿಗೆ ಕೊಟ್ಟವರಾರು ಎಂದು ಮೈಯೆಲ್ಲ ಉರಿಯಿತು.

ವಾಪಸು ಬರುವಾಗ ಅವಳೇ ಓಡಿಸಿದಳು. ಬೊಟ್ಟು ಇಟ್ಟದ್ದು ಒಳ್ಳೆಯದಾಯಿತು ಎಂದೆ. ಅಷ್ಟು ಹೇಳಲು ನನಗೆ ರೊದ್ದಂವರೆಗೆ ಹಿಡಿಯಿತು.

"ನಂಗೆಲ್ಲಿ ಹೊಳೀತದೆ?" ಎಂದಳು ರಸ್ತೆ ನೋಡುತ್ತಲೇ. "ಬಾಷಾ ಹೇಳ್ದ. 'ಸಾರು ಗೊತ್ತಿಲ್ಲ ಅಂತ ಬಾಯ್ಬಿಟ್ಟು ಕೇಳಲ್ಲ ಗಂಗಾ, ಮುಟ್ಟಬೋದಾದ್ದಕ್ಕೆ ಬೊಟ್ಟಿಡು, ಪೂಜೆ ಅನ್ಕಂತಾರೆ' ಅಂತ."

ಹಾಗಾದರೆ ಅವನು ನನ್ನನ್ನು ಓದಿಕೊಂಡಿದ್ದ. ನಾನು ಅವನ ಬಗ್ಗೆ ತಿಳಿದುಕೊಂಡದ್ದು ಅವನು ನನ್ನ ಹೆಂಡತಿಯನ್ನು ಹೇಗೆ ಕರೆಯುತ್ತಾನೆ ಎಂಬುದೊಂದನ್ನೇ. ಇಂಥ ಒಳ್ಳೆಯತನದ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸವೆಂದು ಪಟ್ಟವರಿಗೇ ಗೊತ್ತು. ಆದರೂ ಪಟ್ಟೆ, ವರ್ಷವಿಡೀ ಪಟ್ಟೆ.

ಈ ಸಲದ ಆಯುಧಪೂಜೆಗೆ ಕುಂಕುಮದ ಬಟ್ಟಲನ್ನು ನಾನೇ ಹಿಡಿದೆ. ಬ್ಯಾಟರಿ, ಆಯಿಲ್ ಕಡ್ಡಿ, ರೇಡಿಯೇಟರಿನ ನೀರಿನ ಡಬ್ಬ, ಬ್ರೇಕ್ ಆಯಿಲ್, ಗಾಜು ತೊಳೆಯುವ ನೀರು: ಹೆಸರು ಹೇಳಿಕೊಂಡೇ ಐದನ್ನೂ ಇಟ್ಟೆ. ಬ್ಯಾಟರಿಯ ಪಕ್ಕದಲ್ಲಿ ಒಂದು ಕರಿಯ ಚೌಕ ಪೆಟ್ಟಿಗೆ ಉಳಿಯಿತು. ಬೆರಳು ಅದರ ಮೇಲೆ ಹೋಗಿ ನಿಂತಿತು. ಅವಳು ಅಡುಗೆಮನೆಯಲ್ಲಿದ್ದಳು. ಏನು ಧೈರ್ಯ ಬಂತೋ,

"ಗಂಗಾ!" ಎಂದು ಕೂಗಿದೆ.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಸೌಟು ಹಿಡಿದುಕೊಂಡೇ ಓಡಿ ಬಂದಳು. "ಏನಾಯ್ತ್ರೀ? ಕೈ ಸುಟ್ಕಂಡ್ರಾ?"

ಇಲ್ಲ, ಇದರ ಹೆಸರೇನೆಂದು ಕೇಳೋಣವೆಂದು ಕರೆದೆ, ನನಗೆ ಗೊತ್ತಿಲ್ಲ ಎಂದೆ. ಅವಳು ನನ್ನನ್ನೂ ಪೆಟ್ಟಿಗೆಯನ್ನೂ ಮತ್ತೆ ನನ್ನನ್ನೂ ನೋಡಿದಳು; ನೋಡುತ್ತಲೇ ನಕ್ಕಳು, ಶೆಡ್ಡಿನಲ್ಲಿ ನಕ್ಕಿದ್ದಳಲ್ಲ, ಆ ನಗು. "ನಂಗೂ ಗೊತ್ತಿಲ್ಲ ಕಣ್ರೀ. ನಮ್ಮಪ್ಪನ ಲಾರಿಗಳ್ಲಿ ಇದಿರ್ಲಿಲ್ಲ. ಬಾಷಾನ್ನ ಕೇಳಾನ, ತಾಳಿ" ಎಂದು ಫೋನು ತೆಗೆದಳು.

ಹಳೆಯ ಉರಿ ಹೊಟ್ಟೆಯಲ್ಲಿ ಒಂದು ಸಲ ಎದ್ದಿತು. ಬೆರಳಿನ ಕುಂಕುಮ ಫೋನಿಗೆ ಮೆತ್ತಿದರೆ ಮೆತ್ತಲಿ ಎಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡೆ. ಆ ಕಡೆಯಿಂದ, ಏನು ಹೇಳು ಎನ್ನುವಂತೆ, "ಚೆಪ್ಪು ಗಂಗಾ" ಎಂದ ಅವನು.

"ಗಂಗಾ ಅಲ್ಲ, ನಾನು ಕಣಪ್ಪ," ಎಂದೆ. "ಒಂದು ಹೆಸರು ಬೇಕಾಗಿತ್ತು."