ಎಡಗೈಗೆ ತಿರುಗಿದ ಪೆಟ್ಟಿಗೆ

ಗದಗ ಪಕ್ಕದ ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗಗಳು ಇನ್ನೂ ಸದ್ದು ಮಾಡಿಲ್ಲ. ನೀಲಪ್ಪ ಬಡಿಗೇರ ಆಗಲೇ ಕಟ್ಟೆಯ ಮೇಲೆ ಕುಳಿತು ಪೆಟ್ಟಿಗೆಯ ಕೊನೆಯ ಎಳೆಯುವ ಖಾನೆಗೆ ರಂದಾ ಹೊಡೆದು ಮರ ನಯ ಮಾಡುತ್ತಿದ್ದಾರೆ. ಪೆಟ್ಟಿಗೆಯೊಳಗೆ ತಳ್ಳುತ್ತಾರೆ, ತೆಗೆಯುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮತ್ತೆ ತಳ್ಳುತ್ತಾರೆ. ಈ ಸಲ ಖಾನೆ ಒಳಗೆ ಸರಿದಂತೆ, ಒಳಗಿನ ಗಾಳಿಯ ಒತ್ತಡಕ್ಕೆ ಅದರ ಮೇಲಿನ ಖಾನೆ ಅರ್ಧ ಇಂಚು ಹೊರಗೆ ಬರುತ್ತದೆ.

"ಹಾಂ, ಈಗ ಉಸರಾಡಾಕತ್ತು" ಎನ್ನುತ್ತಾರೆ. ಮರುಗಳಿಗೆ ಎದ್ದು ಬಾಗಿಲಿಗೆ ಹೋಗಿ ಓಣಿ ನೋಡುತ್ತಾರೆ. "ರೈಲಗಾಡಿ ಎಷ್ಟಕ್ಕ ಅಂದಿ?"

"ಒಂದಕ್ಕರಿ. ಹತ್ತ ಸಲ ಕೇಳಿದ್ರ ಅದೇನ ಜಲ್ದಿ ಬರೂದಿಲ್ಲ" ಎಂದು ಹೆಂಡತಿ ಫಕ್ಕೀರವ್ವ ಒಳಗಿನಿಂದಲೇ ಕೂಗುತ್ತಾರೆ.

ಕೆಲಸದ ಸಾಮಾನಿಡುವ ಈ ಪೆಟ್ಟಿಗೆ ನಿಜಾಮುದ್ದೀನನದು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳ ಯಂತ್ರ ರಿಪೇರಿ ಮಾಡುವ ಫಿಟ್ಟರ್. ಮುಂಡರಗಿ, ಲಕ್ಷ್ಮೇಶ್ವರ ಎಂದು ಗೋಣಿಚೀಲದಲ್ಲಿ ಸಾಮಾನು ಹೊತ್ತು ತಿರುಗಿದವನಿಗೆ ದಾವಣಗೆರೆಯ ಮಿಲ್ಲಿನಲ್ಲಿ ಕಾಯಂ ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಹಾಜರಾಗಬೇಕು. ತಪ್ಪಿದರೆ ಜಾಗ ಬೇರೆಯವನಿಗೆ. ಬರುವ ಗುರುವಾರ, 1956ರ ನವೆಂಬರ್ ಒಂದಕ್ಕೆ, ಮುಂಬೈ ರಾಜ್ಯದ ಗದಗ, ಮೈಸೂರಿನ ದಾವಣಗೆರೆ ಎರಡೂ ಒಂದೇ ರಾಜ್ಯಕ್ಕೆ ಸೇರುತ್ತವೆ. ಆದರೆ ಮಿಲ್ಲಿನವರು ಗುರುವಾರದವರೆಗೆ ಕಾಯುವುದಿಲ್ಲ.

ನೀಲಪ್ಪನವರಿಗೆ ಐವತ್ತಾರು. ಶಿರಹಟ್ಟಿಯಲ್ಲಿ ಕುಂಟೆ, ನೇಗಿಲು ಮಾಡುತ್ತಿದ್ದವರ ಮಗ. ವರ್ಷಕ್ಕೆ ಏಳೋ ಎಂಟೋ ಪೆಟ್ಟಿಗೆ ಮಾಡುತ್ತಾರೆ, ಒಂದೊಂದಕ್ಕೆ ಹದಿನಾರು ದಿನ. ಉಳಿದ ದಿನಗಳಲ್ಲಿ ಮಗ್ಗದ ದುರಸ್ತಿಯಿಂದ ಮನೆ ನಡೆಯುತ್ತದೆ. ಪೆಟ್ಟಿಗೆಯ ಹುಚ್ಚು ಹತ್ತಿದ್ದು ಒಡಹುಟ್ಟಿದ ತಮ್ಮ ಹೇಮಪ್ಪನಿಂದ. ಜಿನ್ನಿನಲ್ಲಿ ಓಡುವ ಯಂತ್ರದ ಪಟ್ಟೆಯ ಪಕ್ಕ ನಿಂತು, ನೆಲದ ಮೇಲಿದ್ದ, ನಟ್ಟು ಬಿಗಿಯುವ ಪಾನಾಕ್ಕಾಗಿ ತಡಕಾಡುವಾಗ ಹೇಮಪ್ಪನ ಎರಡು ಬೆರಳು ಹೋದವು.

"ಸಾಮಾನ ಹುಡುಕೂ ಕೈ ಕುರುಡ ಇರತೈತ್ರಿ" ಎನ್ನುತ್ತಾರೆ ನೀಲಪ್ಪ. ಅದಕ್ಕೇ ಮರ ಕೊಯ್ಯುವ ಮೊದಲು ಗಿರಾಕಿಯ ಕೆಲಸವನ್ನು ಅರ್ಧ ದಿನ ಕುಳಿತು ನೋಡುತ್ತಾರೆ. ಯಾವ ಸಾಮಾನು ಎಷ್ಟು ಸಲ ಬೇಕಾಯಿತು, ಯಾವುದರ ನಂತರ ಯಾವುದು ಎಂದು ಲೆಕ್ಕವಿಟ್ಟು ಅದರಂತೆ ಖಾನೆ ಜೋಡಿಸುತ್ತಾರೆ. ಈ ಪೆಟ್ಟಿಗೆಯಲ್ಲಿ ಪಕ್ಕಪಕ್ಕ ಎರಡು ನಿಲುವು ಸಾಲು, ಒಟ್ಟು ಎಂಟು ಖಾನೆ. ದಿನವೂ ಬೇಕಾದವು ಬಲಕ್ಕೆ, ಅಪರೂಪದವು ಎಡಕ್ಕೆ. ಪ್ರತಿ ಸಾಮಾನಿಗೂ ಅದರದೇ ಆಕಾರದ ಗುಳಿ. ಮುಂಭಾಗದ ಚೌಕಟ್ಟಿಗೆ ಎರಡು ದಿನ ಕೂತು ಕೆತ್ತಿದ ಬಳ್ಳಿ.

ನಿಜಾಮುದ್ದೀನ ಒಂಬತ್ತಕ್ಕೆ ಬರುತ್ತಾನೆ. ಬಳ್ಳಿ ನೋಡಿ ಹಿಗ್ಗುತ್ತಾನೆ. "ಕಾಕಾ, ಇದ ಸಾಮಾನಿನ ಪೆಟಿಗಿ ಅಲ್ಲ, ಮದವಿ ಪೆಟಿಗಿ ಆಗೇತಿ!"

"ಸಾಕ ನಡಿ. ಕುಂಡ್ರು, ಕಣ್ಣ ಮುಚ್ಚು. ನಾ ಹೆಸರ ಹೇಳತೇನಿ, ನೀ ತಗಿ. ದೊಡ್ಡ ಪಾನಾ!"

ಕಣ್ಣು ಮುಚ್ಚಿದ ಕ್ಷಣ ನಿಜಾಮುದ್ದೀನನ ಎಡಗೈ ಮುಂದೆ ಬರುತ್ತದೆ. ಎಡಗಡೆಯ ಖಾನೆ ಎಳೆಯುತ್ತದೆ, ಪಾನಾ ಬದಲು ತೂತು ಕೊರೆಯುವ ಬೈರಿಗೆ ಸಿಗುತ್ತದೆ.

"ಅರ!" ಎಂದು ನೀಲಪ್ಪ ಕಬ್ಬಿಣ ಉಜ್ಜುವ ಸಾಮಾನು ಕೇಳುತ್ತಾರೆ. ಮತ್ತೆ ಎಡಗೈ. ಥಟ್ಟನೆ ಎಚ್ಚರಗೊಂಡವನಂತೆ ಅವನು ಆ ಕೈಯನ್ನು ತೊಡೆಯ ಕೆಳಗೆ ಸೇರಿಸುತ್ತಾನೆ.

"ಅಯ್ಯ, ಎಡಚ ಅದೀಯಲ್ಲೋ!" ಫಕ್ಕೀರವ್ವ ನಗುತ್ತಾರೆ. ನೀಲಪ್ಪ ನಗುವುದಿಲ್ಲ.

"ಅವತ್ತ ಅರ್ಧ ದಿನ ನನ್ನ ಮುಂದ ಬಲಗೈಲೆ ಮಾಡಿದ್ಯಲ್ಲಲೇ?"

"ಸಣ್ಣಾಂವ ಇದ್ದಾಗ ಎಡಗೈ ಮುಂದ ಮಾಡಿದ್ರ ಹೊಡೀತಿದ್ರು ಕಾಕಾ. ಮಂದಿ ನೋಡಾಕತ್ರ ಬಲಗೈ, ಒಬ್ಬನ ಇದ್ರ ಎಡಗೈ. ಇರ್ಲಿ ಬಿಡ್ರಿ, ರೂಢಿ ಮಾಡ್ಕೊಂತೀನಿ."

"ಮಷೀನ ತಿರಗೂ ಮುಂದ ಯಾವ ಕೈ ಅಂತ ವಿಚಾರ ಮಾಡ್ಕೊಂತ ನಿಂದರತಿಯೇನು?" ನೀಲಪ್ಪ ಎದ್ದು ಅಂಗಳಕ್ಕೆ ಹೋಗುತ್ತಾರೆ, ಬರುತ್ತಾರೆ. ಕೂರುತ್ತಾರೆ, ಏಳುತ್ತಾರೆ. ಖಾನೆಗಳ ಎತ್ತರ ಬೇರೆ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹೊಸದು ಮಾಡಲು ಹದಿನಾರು ದಿನ ಬೇಕು, ಇರುವುದು ನಾಲ್ಕು ತಾಸು. ಪೆಟ್ಟಿಗೆಯ ಸುತ್ತ ಎರಡು ಸಲ ಸುತ್ತಿದವರು ಹಿಂದುಗಡೆ ನಿಂತುಬಿಡುತ್ತಾರೆ.

"ಹಿಂದಿನ ಹಲಗೀ ತಿರಪ ಬಿಚ್ಚಲೇ."

ಹಿಂದಿನ ಹಲಗೆ ಕಳಚಿ ಬರುತ್ತದೆ. ಹಿಂಭಾಗವೇ ಮುಂಭಾಗವಾದರೆ ಬಲದ ಸಾಲು ತಾನಾಗಿ ಎಡಕ್ಕೆ ಬರುತ್ತದೆ. ಖಾನೆಗಳನ್ನು ತೆಗೆದು ಹಿಂದಿನಿಂದ ತೂರಿಸಬೇಕು, ಅವು ತೀರಾ ಒಳಗೆ ಜಾರದಂತೆ ತಡೆಯುವ ಎಂಟೂ ಪಟ್ಟಿಗಳನ್ನು ಕಿತ್ತು ಆಚೆ ಬದಿಗೆ ಕೂಡಿಸಬೇಕು. ಬಿಚ್ಚಿದ ಹಲಗೆ ಕೆತ್ತಿದ ಬಳ್ಳಿಯ ಮೇಲೆ ಕೂರಬೇಕು.

"ಎರಡ ದಿನ ಕೆತ್ತೀರಿ. ಮುಚ್ಚಿಬಿಡತೀರೇನು?" ಫಕ್ಕೀರವ್ವನ ದನಿ ಇಳಿಯುತ್ತದೆ.

"ಮುಚ್ಚತೇನಿ. ಮೇಣದಬತ್ತಿ ಕೊಡು."

ಹನ್ನೆರಡಕ್ಕೆ ಏಳು ಖಾನೆ ಸಲೀಸಾಗಿ ಓಡುತ್ತವೆ. ಎಂಟನೆಯದು ನಡುವೆ ಹಿಡಿಯುತ್ತದೆ. ನಿಜಾಮುದ್ದೀನ ಕಾಲು ಕುಣಿಸುತ್ತ ಬಾಗಿಲಲ್ಲಿ ನಿಂತಿದ್ದಾನೆ, ಹೊರಗೆ ಟಾಂಗಾ ಬಂದಿದೆ. ಫಕ್ಕೀರವ್ವ ಖಾನೆ ಜಾರಲೆಂದು ಮೇಣ ಸವರುತ್ತಾರೆ. ನೀಲಪ್ಪ ಒಂದು ಎಳೆ ರಂದಾ ಹೊಡೆದು, ಊದಿ, ತಳ್ಳುತ್ತಾರೆ. ಹೋಗುತ್ತದೆ.

"ಕಣ್ಣ ಮುಚ್ಚು. ದೊಡ್ಡ ಪಾನಾ!"

ನಿಜಾಮುದ್ದೀನ ಎಡಗೈ ಚಾಚುತ್ತಾನೆ. ಪಾನಾ ಕೈಗೆ ಬರುತ್ತದೆ. ಅರ, ಸುತ್ತಿಗೆ, ಇಕ್ಕಳದಂಥ ಪಕ್ಕಡ, ಯಾವುದೂ ತಪ್ಪುವುದಿಲ್ಲ. ಕಣ್ಣು ಬಿಟ್ಟವನು ಕೈಯನ್ನು ಈ ಸಲ ಬಚ್ಚಿಡುವುದಿಲ್ಲ.

"ಅಲ್ಲಿ ಯಾರರೆ ನೋಡಾಕತ್ರೂ ಇದ ಕೈ. ಆತಿಲ್ಲೋ?"

"ಆತ್ರಿ ಕಾಕಾ."

ಅವನನ್ನೂ ಪೆಟ್ಟಿಗೆಯನ್ನೂ ಹೊತ್ತ ಟಾಂಗಾ ತಿರುವಿನಲ್ಲಿ ಮರೆಯಾಗುವವರೆಗೆ ನೀಲಪ್ಪ ನಿಂತಲ್ಲಿ ನಿಲ್ಲುವುದಿಲ್ಲ. ಒಂದರ ಹೊತ್ತಿಗೆ ನಿಲ್ದಾಣದ ಕಡೆಯಿಂದ ಗಾಡಿಯ ಕೂಗು ಕೇಳಿದ ಮೇಲೆಯೇ ಚೊಂಬು ಎತ್ತಿ ನೀರು ಕುಡಿಯುತ್ತಾರೆ.

ಇಷ್ಟು ದುಡಿದದ್ದಕ್ಕೆ ಪ್ರತಿಯಾಗಿ ಏನಾಗಬೇಕು ಎಂದು ಯಾರಾದರೂ ಕೇಳಿದರೆ ಬಾಯಿ ಒರೆಸಿಕೊಂಡು ಹೇಳುತ್ತಾರೆ: "ನಾಕ ದಿನದಾಗ ಕೈ ತಾನ ಸಾಮಾನಿಗೆ ಹೋಗಿ, ಅಂವಗ ಪೆಟಿಗಿ ಐತಿ ಅನ್ನೂದ ಮರತ ಹೋಗಬೇಕ್ರಿ. ಇನ್ನೂ ನೆನಪ ಐತಿ ಅಂದ್ರ, ನಾ ಎಲ್ಲೋ ತಪ್ಪೀನಿ ಅಂತ ಅರ್ಥ."